ಟೈಲರ್ ಟೇಪಿನಿಂದ 127 ಹಲ್ಲು: ನನ್ನ ಆಂಟಿಕಿಥೆರಾ ಚಂದ್ರ

ಆಂಟಿಕಿಥೆರಾ ಯಂತ್ರ ಅಂದರೆ ಸೂರ್ಯ, ಚಂದ್ರರ ಚಲನೆ ತೋರಿಸುವ ಪುರಾತನ ಗ್ರೀಕ್ ಗಿಯರ್ ಯಂತ್ರ. ಅದರಲ್ಲಿ ಚಂದ್ರನ ಮುಳ್ಳನ್ನು ತಿರುಗಿಸುವ ಗಿಯರ್ ಸಾಲಿನ ಹಲ್ಲುಗಳ ಲೆಕ್ಕ ಹೀಗೆ: 64–38, 48–24, 127–32. ಸೂರ್ಯ 19 ಸುತ್ತು ಬಂದರೆ ಚಂದ್ರ 254. ಎಲ್ಲರೂ ಕೈಬಿಡುವುದು 127ರಲ್ಲಿ. ವೃತ್ತವನ್ನು ಸಮಭಾಗ ಮಾಡುವ ಡಿವೈಡಿಂಗ್ ಹೆಡ್‌ನ ಮಾಮೂಲಿ ಪ್ಲೇಟಿನಲ್ಲಿ ಆ ಸಂಖ್ಯೆ ಸಿಗಲ್ಲ. "ಅರ ಹಿಡಿದು ಉಜ್ಜುತ್ತೀರಾ? ಸುಮ್ನೆ ವೈರ್ ಕಟ್ ಮಾಡಿಸಿ" ಅಂದವರೇ ಎಲ್ಲ. ವೈರ್ ಕಟ್ ಅಂದರೆ ವಿದ್ಯುತ್ ಕಿಡಿಯ ತಂತಿಯಿಂದ ಲೋಹ ಕತ್ತರಿಸುವುದು. ಕೇಳಿ ನೋಡಿದೆ, ಆರು ಗಿಯರ್‌ಗೆ 11,000ದ ಹತ್ತಿರ. 2,000 ವರ್ಷದ ಹಿಂದೆ ಗ್ರೀಕರು ಕೈಯಲ್ಲೇ ಕಡಿದಿದ್ದರಲ್ವಾ?

ಮೊದಲು ಕಾಗದದ ಪ್ರಿಂಟ್ ಅಂಟಿಸಿ ಉಜ್ಜಿದೆ. ಎಣ್ಣೆ ತಾಗಿ ಕಾಗದ ಜಾರಿತು, ಕೊನೆಯ ಹಲ್ಲು ಅರ್ಧವಾಯಿತು. ಎರಡು ಹಿತ್ತಾಳೆ ಹಾಳೆ ಹೋಯಿತು, 1,500 ರೂಪಾಯಿ. ನಡುವೆ ಕಂಚಿನ ಹುಚ್ಚು ಬೇರೆ. ಗಂಟೆ ಎರಕದ ಕಂಚು ತಂದು ತಣ್ಣಗೆ ಬಡಿದರೆ ಚಟ್ ಅಂತ ಬಿರುಕು. ಅದರಲ್ಲಿ ತವರ ಶೇ 20ರ ಮೇಲೆ, ಮೂಲ ಯಂತ್ರದ ಕಂಚಿನಲ್ಲಿ ಸುಮಾರು ಶೇ 5 ಅಷ್ಟೇ.

ಕೊನೆಗೆ ಗೆದ್ದದ್ದು ಟೈಲರ್ ಟೇಪ್. 20 ಸೆಂ.ಮೀ.ಗಿಂತ ಚೂರು ದೊಡ್ಡ ಪ್ಲೈವುಡ್ ಚಕ್ರ ಮಾಡಿ, ಸುತ್ತ ಟೇಪ್ ಸುತ್ತಿದೆ. 63.5ರ ಗೆರೆ ಸೊನ್ನೆಯ ಮೇಲೆ ಕೂರುವ ತನಕ ಅಂಚನ್ನು ಉಜ್ಜಿದೆ. ಅರ್ಧ ಸೆಂ.ಮೀ.ಗೊಂದು ಹಲ್ಲು, ಒಟ್ಟು 127. ಈ ಗುರುತು ನೋಡಿ ಕಡಿಯುವ ಗಿಯರ್ 6 ಸೆಂ.ಮೀ. ಚಿಲ್ಲರೆ, ಹಾಗಾಗಿ ಟೇಪಿನ ತಪ್ಪು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಟೇಪಿನ ಎರಡು ತುದಿ ಏಳದಂತೆ ಹೇಗೆ ಕೂರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ!

ಮುಕ್ಕೋನದ ಹಲ್ಲನ್ನು ಪೂರ್ತಿ ಕೂರಿಸಿದರೆ ಸಾಲು ಬಿಗಿದುಕೊಳ್ಳುತ್ತದೆ. ಸ್ವಲ್ಪ ಸಡಿಲ ಬಿಟ್ಟೆ. ಮುಳ್ಳು ಮೂರ್ನಾಲ್ಕು ಡಿಗ್ರಿ ಅಲ್ಲಾಡುತ್ತದೆ. ಅದಕ್ಕೇ ಯಾವಾಗಲೂ ಒಂದೇ ಕಡೆಯಿಂದ ತಿರುಗಿಸಿ ಓದುತ್ತೇನೆ.

ಆಮೇಲೆ ಮೊಳೆ–ಸೀಳಿನ ಜೋಡಿ. ಒಂದು ಚಕ್ರದ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರಿ, ಚಂದ್ರನ ಏರಿಳಿಯುವ ವೇಗವನ್ನು ತೋರಿಸುತ್ತದೆ. 2006ರಲ್ಲಿ ಈ ಯಂತ್ರವನ್ನು ಅಧ್ಯಯನ ಮಾಡಿದ ಟೋನಿ ಫ್ರೀತ್ ತಂಡ ಇದರ ಕೆಲಸವನ್ನು ವಿವರಿಸಿತ್ತು. 50 ಹಲ್ಲಿನ ಎರಡು ಚಕ್ರ, ನಡುವಿಗೆ ನಡು 1.1 ಮಿ.ಮೀ. ಆಚೀಚೆ. ಮೊಳೆ ನಡುವಿನಿಂದ 9.6 ಮಿ.ಮೀ. ದೂರ. ಅಷ್ಟರಿಂದಲೇ ಚಂದ್ರ ಆರೂವರೆ ಡಿಗ್ರಿ ಹಿಂದೆ ಮುಂದೆ ಆಗುತ್ತಾನೆ. ಪಂಚಾಂಗ ಇಟ್ಟುಕೊಂಡು ನೋಡಿದೆ, ಹೆಚ್ಚಿನ ದಿನ ನಕ್ಷತ್ರ ಸರಿಯಾಗಿ ಬರುತ್ತದೆ. ವೈರ್ ಕಟ್ ಅಂದವರಿಗೂ ತೋರಿಸಿದೆ. ಒಟ್ಟು ಖರ್ಚು, ಹಾಳಾದದ್ದು ಸೇರಿ, 5,000 ದಾಟಿಲ್ಲ.

ಈ ಜೋಡಿಯನ್ನು ಹೊತ್ತ 223 ಹಲ್ಲಿನ ಚಕ್ರ ಸುಮಾರು 9 ವರ್ಷಕ್ಕೊಮ್ಮೆ ಸುತ್ತಬೇಕು. ಅದು ಇನ್ನೂ ಇಲ್ಲ, ವರ್ಷಕ್ಕೆ 40 ಡಿಗ್ರಿ ಕೈಯಲ್ಲೇ ಸರಿಸುತ್ತೇನೆ. ಟೇಪಿನ ಲೆಕ್ಕ ಮಾತ್ರ ಆಗಿದೆ: 3 ಮಿ.ಮೀ.ಗೊಂದು ಹಲ್ಲು, 66.9 ಸೆಂ.ಮೀ.