ತೋಟದ ಸೆನ್ಸರ್‌ಗೆ ಪದೇ ಪದೇ ಸೆಲ್ ಹಾಕೋದು ತಪ್ಪಿಸುವುದು ಹೇಗೆ?

ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಮಣ್ಣಿನ ತೇವ ನೋಡೋಕೆ ವೈರ್‌ಲೆಸ್ ಸೆನ್ಸರ್ ಇಟ್ಟರೆ ಮೊದಲು ಹೊಳೆಯುವುದೇ ಸೋಲಾರ್. ಸಿಲ್ವರ್ ಓಕ್ ನೆರಳಲ್ಲಿ, ಅದೂ ಮಳೆಗಾಲದಲ್ಲಿ, ಪುಟ್ಟ ಪ್ಯಾನೆಲ್ ನಂಬಿ ಕೂರಬೇಡಿ. ಮೊದಲು ಕರೆಂಟ್ ಖರ್ಚು ಇಳಿಸಿ.

ಶುರುವಿಗೆ ಅಳತೆ. ಸೆಲ್ ಮತ್ತು ಸೆನ್ಸರ್ ನಡೆಸುವ ಬೋರ್ಡಿನ ನಡುವೆ ಮಲ್ಟಿಮೀಟರ್ ಸೇರಿಸಿ, ಮಿಲಿಆಂಪ್ ರೇಂಜ್‌ನಲ್ಲಿ ನೋಡಿ. ಬೋರ್ಡ್ ನಿದ್ದೆಗೆ, ಅಂದರೆ ಕೆಲಸವಿಲ್ಲದಾಗಿನ ಸ್ಲೀಪ್ ಸ್ಥಿತಿಗೆ, ಹೋದಮೇಲೆ ಮೈಕ್ರೋಆಂಪ್‌ಗೆ (ಮಿಲಿಆಂಪ್‌ನ ಸಾವಿರದಲ್ಲೊಂದು ಪಾಲು) ತಿರುಗಿಸಿ. ತಿರುಗಿಸುವಾಗ ಎರಡೂ ಪ್ರೋಬ್‌ಗಳನ್ನು ಒಂದು ವೈರಿನಿಂದ ಜೋಡಿಸಿಕೊಳ್ಳಿ, ಇಲ್ಲದಿದ್ದರೆ ಕರೆಂಟ್ ಕಡಿದು ಬೋರ್ಡ್ ರೀಸೆಟ್ ಆಗುತ್ತದೆ.

ನಿದ್ದೆಯಲ್ಲೂ ಮಿಲಿಆಂಪ್‌ಗಳೇ ಕಾಣುತ್ತಿದ್ದರೆ ಪವರ್ ಎಲ್‌ಇಡಿ ಕಿತ್ತುಹಾಕಿ, ಆಮೇಲೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಚಿಪ್ ನೋಡಿ. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಗುವ ಎಎಂಎಸ್1117 ರೆಗ್ಯುಲೇಟರ್ ಏನೂ ಕೆಲಸವಿಲ್ಲದಿದ್ದರೂ ಸುಮಾರು 5 ಮಿಲಿಆಂಪ್ ಕುಡಿಯುತ್ತದೆ, ಅಂದರೆ 2500 ಎಂಎಎಚ್ ಸೆಲ್ 20 ದಿನದಲ್ಲಿ ಖಾಲಿ. ಅದರ ಬದಲು ಎಂಸಿಪಿ1700 ರೆಗ್ಯುಲೇಟರ್ ಹಾಕಿದರೆ ಅದು 2 ಮೈಕ್ರೋಆಂಪ್‌ಗೆ ಇಳಿಯುತ್ತದೆ. ಆದರೆ ಇದು 250 ಮಿಲಿಆಂಪ್‌ವರೆಗೆ ಮಾತ್ರ ಕೊಡುತ್ತದೆ, ವೈಫೈ ಬೋರ್ಡಿಗೆ ಸಾಲದು.

ತೇವದ ಸೆನ್ಸರ್‌ಗೂ ಸದಾ ಕರೆಂಟ್ ಬೇಡ. ಬೋರ್ಡಿನ ಒಂದು ಪಿನ್‌ನಿಂದಲೇ ಕೊಡಿ, ಓದಿದ ತಕ್ಷಣ ಆಫ್ ಮಾಡಿ.

ಈಗ ರೇಡಿಯೋ. ಜಾಸ್ತಿ ಜನ ಎಡವುವುದು ಇಲ್ಲೇ. ಎನ್‌ಆರ್‌ಎಫ್24ಎಲ್01 ಪ್ಲಸ್ ಎಂಬ ರೇಡಿಯೋ ಮಾಡ್ಯೂಲ್ ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ 11.3 ಮಿಲಿಆಂಪ್ ತಗೊಂಡರೆ, ಕೇಳಿಸಿಕೊಳ್ಳುತ್ತಾ ಕೂತಾಗ 13.5 ತಗೊಳ್ಳುತ್ತದೆ. ಪವರ್ ಡೌನ್‌ನಲ್ಲಿ, ಅಂದರೆ ರೇಡಿಯೋ ಮಲಗಿದಾಗ, ಒಂದು ಮೈಕ್ರೋಆಂಪ್‌ಗಿಂತ ಕಡಿಮೆ. ಕಳಿಸೋದಕ್ಕಿಂತ ಕಾಯೋದೇ ದುಬಾರಿ! ಅದಕ್ಕೇ ತೋಟದೊಳಗಿನ ಯಾವ ಸೆನ್ಸರ್ರೂ ಕಿವಿ ತೆರೆದು ಕೂರಬಾರದು. ಎದ್ದು, ಓದಿ, ಕಳಿಸಿ, ಮತ್ತೆ ಮಲಗಬೇಕು. ಕೇಳುವ ಕೆಲಸ ಪಂಪ್ ಮನೆಯ ಗೇಟ್‌ವೇಗೆ (ಸೆನ್ಸರ್‌ಗಳು ಕಳಿಸಿದ್ದನ್ನು ಪಡೆಯುವ ಸಾಧನ) ಬಿಡಿ, ಅಲ್ಲಿ ಲೈನ್ ಕರೆಂಟ್ ಇರುತ್ತದಲ್ವಾ?

ನೆನೆದ ಎಲೆಗಳು 2.4 ಗಿಗಾಹರ್ಟ್ಸ್ ಸಿಗ್ನಲ್ ನುಂಗುತ್ತವೆ. ತಲುಪಿತೆಂದು ಗೇಟ್‌ವೇಯಿಂದ ಉತ್ತರ ಬರದಿದ್ದರೆ ಈ ಮಾಡ್ಯೂಲ್ 15 ಸಲದವರೆಗೂ ಮತ್ತೆ ಮತ್ತೆ ಕಳಿಸಬಲ್ಲದು, ಖರ್ಚೂ ಅಷ್ಟೇ ಏರುತ್ತದೆ. ಆಂಟೆನಾವನ್ನು ಕಾಫಿ ಗಿಡಕ್ಕಿಂತ ಎತ್ತರದ ಗೂಟಕ್ಕೆ ಕಟ್ಟಿ, ಮರುಯತ್ನ ಮೂರಕ್ಕೆ ಇಳಿಸಿ. ತಪ್ಪಿದ್ದು ಮುಂದಿನ ಸರದಿಗೆ ಹೋಗಲಿ.

ಸ್ಪ್ರಿಂಕ್ಲರ್ ಓಡುವ ಫೆಬ್ರವರಿ, ಮಾರ್ಚ್‌ನಲ್ಲಿ 15 ನಿಮಿಷಕ್ಕೊಮ್ಮೆ ಓದಿದರೆ ಸರಿ. ಜುಲೈನಲ್ಲಿ ದಿನಕ್ಕೆ ಎರಡು ಸಲ ಸಾಕು. ಇದಕ್ಕೆ ಸೆನ್ಸರ್ ಬಿಚ್ಚಿ ತರಬೇಕಿಲ್ಲ. ಸೆನ್ಸರ್ ಕಳಿಸಿದ್ದಕ್ಕೆ ಗೇಟ್‌ವೇ ಕೊಡುವ ಉತ್ತರದಲ್ಲೇ 32 ಬೈಟ್‌ವರೆಗೆ ಮಾಹಿತಿ ತುಂಬಬಹುದು, ಎಷ್ಟು ಹೊತ್ತಿಗೊಮ್ಮೆ ಓದಬೇಕೆಂಬುದನ್ನು ಅದರಲ್ಲೇ ಕಳಿಸಿಬಿಡಿ.