ಊದುಬತ್ತಿ ಹೊಗೆಯಲ್ಲಿ ಸಿಕ್ಕ ಪ್ರಿಸಂ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂನ ಮುಖಪುಟವನ್ನು ಗೆಳೆಯನ ಕೋಣೆಯ ಗೋಡೆ ಮೇಲೆ ಬರೆದುಕೊಡಲು ಒಪ್ಪಿಕೊಂಡಾಗ ‘ಇದೇನು ಮಹಾ’ ಅನ್ನಿಸಿತ್ತು. ಒಂದು ತ್ರಿಕೋನ, ಒಂದು ಬಿಳಿ ಗೆರೆ, ಆರು ಬಣ್ಣ. ಸ್ಕೇಲು ಇದ್ದರೆ ಸಾಕು, ಅಲ್ವಾ?

ನನಗೊಂದು ಚಟ. ಏನು ಬರೆಯುವುದಿದ್ದರೂ ಮೊದಲು ಅದನ್ನು ಕಣ್ಣಾರೆ ನೋಡಬೇಕು. ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಬೆಳಕನ್ನು ಬಣ್ಣಗಳಾಗಿ ಬಿಡಿಸುವ, 60 ಡಿಗ್ರಿ ಮೂಲೆಯ ತ್ರಿಕೋನ ಗಾಜಿನ ಪ್ರಿಸಂ ತಂದೆ. ಟಾರ್ಚಿನ ಬಾಯಿಗೆ ರಟ್ಟು ಅಂಟಿಸಿ ಬ್ಲೇಡಿನಿಂದ ಸೀಳು ಕೊಯ್ದೆ. ಒಂದಡಿ ಮುಂದೆ ಇನ್ನೊಂದು ಸೀಳು. ರಾತ್ರಿ ಲೈಟು ಆರಿಸಿ ಟಾರ್ಚ್ ಒತ್ತಿದರೆ ಏನೂ ಕಾಣಲಿಲ್ಲ! ಬೆಳಕು ಗೋಡೆಗೆ ಬಿದ್ದಿತ್ತು, ಆದರೆ ದಾರಿಯಲ್ಲಿ ಗೆರೆಯೇ ಇಲ್ಲ. ದೇವರ ಕೋಣೆಯಿಂದ ಊದುಬತ್ತಿ ತಂದು ಹಚ್ಚಿದ ಮೇಲೆ ಹೊಗೆಯಲ್ಲಿ ಆ ಬಿಳಿ ಗೆರೆ ಮೂಡಿತು.

ಪ್ರಿಸಂ ಇಟ್ಟು ಮೆಲ್ಲಗೆ ತಿರುಗಿಸಿದೆ. ಬೆಳಕು ಬಾಗಿತು, ಬಣ್ಣ ಬರಲಿಲ್ಲ. ಗಾಜಿನಿಂದ ಹೊರಬಿದ್ದ ಜಾಗದಲ್ಲಿ ಅದು ಇನ್ನೂ ಬಿಳಿಯೇ. ಕಾಗದ ಹಿಡಿದು ಹಿಂದೆ ಹಿಂದೆ ಹೋದರೆ ಅಂಚಿನಲ್ಲಿ ಕೆಂಪು, ಆಮೇಲೆ ನೀಲಿ. ಒಂದು ಮೀಟರ್ ದೂರದಲ್ಲೂ ಕಾಮನಬಿಲ್ಲು ಹೆಬ್ಬೆರಳಿನಷ್ಟು ಅಗಲ. ಮಾಮೂಲಿ ಗಾಜಿನಲ್ಲಿ ಕೆಂಪಿಗೂ ನೇರಳೆಗೂ ನಡುವೆ ಬೀಳುವ ಅಂತರ ಹೆಚ್ಚುಕಡಿಮೆ ಒಂದೂವರೆ ಡಿಗ್ರಿ, ಅಷ್ಟೇ. ಮುಖಪುಟದಲ್ಲಿ ನೋಡಿದರೆ ಗಾಜಿನಿಂದ ಹೊರಬರುವಾಗಲೇ ಆರು ಪಟ್ಟಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ.

ಅದು ಫೋಟೋ ಅಲ್ಲವೇ ಅಲ್ಲ. 1973ರ ಈ ಆಲ್ಬಂಗೆ ಸರಳವಾಗಿ, ಅಚ್ಚುಕಟ್ಟಾಗಿ ಏನಾದರೂ ಮಾಡಿ ಎಂದು ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಕೇಳಿದ್ದರು. ಲಂಡನ್ನಿನ ಹಿಪ್ನೋಸಿಸ್ ಎಂಬ ವಿನ್ಯಾಸ ಸ್ಟುಡಿಯೋದ ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್‌ಗೆ ಭೌತಶಾಸ್ತ್ರದ ಪುಸ್ತಕವೊಂದರ ಚಿತ್ರದಿಂದ ಪ್ರಿಸಂ ಹೊಳೆಯಿತು. ಚಿತ್ರ ಬರೆದವರು ಜಾರ್ಜ್ ಹಾರ್ಡಿ. ಅವರು ಬರೆದದ್ದು ಕಪ್ಪು ಬಿಳುಪಿನಲ್ಲಿ. ಎಲ್ಲಿ ಯಾವ ಬಣ್ಣ ಎಂದು ಮುದ್ರಕರಿಗೆ ಸೂಚನೆ ಕೊಟ್ಟರು. ಬಣ್ಣ ಹುಟ್ಟಿದ್ದು ಪ್ರೆಸ್ಸಿನಲ್ಲಿ.

ನನಗೆ ಆ ಅನುಕೂಲ ಇರಲಿಲ್ಲ. ಕಪ್ಪು ಗೋಡೆ ಮೇಲೆ ಟೇಪು ಅಂಟಿಸಿ ನೇರವಾಗಿ ಹಳದಿ ಬಳಿದೆ. ಕೊಳೆ ನೀರಿನಂಥ ಹಸಿರು ಬಂತು. ಮೂರು ಕೋಟ್ ಆದರೂ ಅಷ್ಟೇ. ಸಾಲದ್ದಕ್ಕೆ ಟೇಪಿನ ಅಡಿಗೆ ಬಣ್ಣ ನುಗ್ಗಿ ಅಂಚೆಲ್ಲ ಗರಗಸದ ಹಲ್ಲು. ಅಷ್ಟನ್ನೂ ಕಪ್ಪು ಬಳಿದು ಮುಚ್ಚಿ ಮತ್ತೆ ಶುರು ಮಾಡಿದೆ. ಈ ಸಲ ಟೇಪಿನ ಅಂಚಿಗೆ ಮೊದಲು ಕಪ್ಪನ್ನೇ ತೆಳ್ಳಗೆ ಸವರಿದೆ. ನುಗ್ಗುವುದಿದ್ದರೆ ಕಪ್ಪೇ ನುಗ್ಗಿ ಸಂದು ಮುಚ್ಚಲಿ ಅಂತ. ಒಣಗಿದ ಮೇಲೆ ಬಿಳಿ, ಅದರ ಮೇಲೆ ಬಣ್ಣ. ಟೇಪು ಕಿತ್ತಾಗ ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು.

ಪಕ್ಕದ ಮನೆ ಹುಡುಗ ಬಂದು ಎಣಿಸಿದ. “ಅಂಕಲ್, ಒಂದು ಬಣ್ಣ ಬಿಟ್ಟಿದ್ದೀರ.” ಮೂಲದಲ್ಲೇ ಇಲ್ಲ ಕಣೋ, ನೀಲಿಗೂ ನೇರಳೆಗೂ ನಡುವಿನದು ಅವರೇ ಬಿಟ್ಟಿದ್ದಾರೆ ಎಂದೆ. ನಂಬಲಿಲ್ಲ.

ಈ ಆಲ್ಬಂ 1988ರ ಹೊತ್ತಿಗೆ ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಕಂಡಿತ್ತು. ಚಿತ್ರ ಅದಕ್ಕಿಂತ ಜಾಸ್ತಿ ಊರು ಸುತ್ತಿದೆ. ನಾನೇ ಮೊದಲು ನೋಡಿದ್ದು ಟೀ ಶರ್ಟಿನ ಮೇಲೆ. ಹಾಡು ಕೇಳಿದ್ದು ಎಷ್ಟೋ ದಿನದ ಮೇಲೆ.

ನನಗೆ ಜಾಸ್ತಿ ಇಷ್ಟ ಮಾತ್ರ ಮುಖಪುಟ ಅಲ್ಲ, ಅದರ ಮುಂದುವರಿಕೆ. ಕವರ್ ಬಿಡಿಸಿದರೆ ಒಳಗೆ ಹಸಿರು ಪಟ್ಟಿ ಎದೆಬಡಿತದ ಗೆರೆಯಾಗಿ ಏರಿಳಿಯುತ್ತದೆ. ಅದು ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ರೋಜರ್ ವಾಟರ್ಸ್ ಕೊಟ್ಟ ಐಡಿಯಾ. ಹಿಂಬದಿಯಲ್ಲಿ ತಲೆಕೆಳಗಾದ ಪ್ರಿಸಂ ಬಣ್ಣಗಳನ್ನು ಮತ್ತೆ ಬಿಳಿಯಾಗಿಸುತ್ತದೆ. ಅಂಗಡಿಯಲ್ಲಿ ಕವರ್‌ಗಳನ್ನು ಬಿಡಿಸಿ ಸಾಲಾಗಿ ಇಟ್ಟರೆ ಗೆರೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಲೇ ಹೋಗುತ್ತದೆ.

ನನ್ನ ಪಟ್ಟಿಗಳು ಬಾಗಿಲ ಚೌಕಟ್ಟಿಗೆ ಬಂದು ನಿಂತಿವೆ. ಆಚೆ ಅಡುಗೆಮನೆ ಗೋಡೆ. ಎರಡನೇ ಪ್ರಿಸಂ ಅಲ್ಲೇ ಬರಬೇಕು. ಗೆಳೆಯನ ಅಮ್ಮ ಇನ್ನೂ ಒಪ್ಪಿಲ್ಲ.