ಕಾಡಲ್ಲಿ ಫಿರಂಗಿ ಎಳೆಯೋದು: ವಾರ್ ಗೇಮ್ ನಿಯಮ ಬರೆಯುವವರಿಗೆ

ನನ್ನೂರು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ. ಈಗ ಇರೋದು ಮೈಸೂರಿನ ಕುವೆಂಪುನಗರದಲ್ಲಿ. ಭಾನುವಾರ ನಾಲ್ಕು ಜನ ಸೇರಿ, ಮೇಜಿನ ಮೇಲೆ ನಕ್ಷೆ ಹಾಸಿ ವಾರ್ ಗೇಮ್, ಅಂದರೆ ಬಿಲ್ಲೆಗಳನ್ನೇ ಸೈನ್ಯ ಮಾಡಿಕೊಂಡು ನಡೆಸುವ ಯುದ್ಧದ ಆಟ ಆಡುತ್ತೇವೆ. ಹೋದ ತಿಂಗಳು ಒಬ್ಬ ಗೆಳೆಯ ಒಂದೇ ಸರದಿಯಲ್ಲಿ ನಕ್ಷೆಯಲ್ಲಿ ದಟ್ಟ ಕಾಡಿನ ಮೂರು ಮನೆ (ಅಂಕಣ) ದಾಟಿಸಿ ಭಾರಿ ಫಿರಂಗಿಯನ್ನು ಗುಡ್ಡದ ತಲೆ ಮೇಲೆ ಇಟ್ಟ. ಅವನದೇನೂ ತಪ್ಪಿಲ್ಲ, ನಿಯಮವೇ ತಪ್ಪು. ಅದನ್ನು ನಾವು ತಿದ್ದಿಕೊಂಡ ರೀತಿ ಹೇಳುತ್ತೇನೆ.

ಮೊದಲು, ಫಿರಂಗಿಗೆ ನಡಿಗೆಯ ಅಂಕಿ, ಅಂದರೆ ಸರದಿಗೆ ಇಷ್ಟು ಮನೆ ಅನ್ನೋ ಲೆಕ್ಕ ಕೊಡಬೇಡಿ. ಅದು ತಾನಾಗಿ ನಡೆಯುವುದಿಲ್ಲ, ಅಲ್ವಾ? ಬಿಲ್ಲೆಯ ಮೇಲೆ ಅದರ ತೂಕ ಬರೆಯಿರಿ, ಬಿಚ್ಚಿದರೆ ಎಷ್ಟು ಭಾಗ ಆಗುತ್ತದೆ ಅಂತ ಬರೆಯಿರಿ. ಜಪಾನಿನ 94ನೇ ಮಾದರಿಯ 75 ಮಿ.ಮೀ. ಬೆಟ್ಟದ ಫಿರಂಗಿ ಸುಮಾರು 536 ಕೆಜಿ. 11 ಭಾಗ ಮಾಡಿ ಕುದುರೆ ಮೇಲೋ ಹೆಗಲ ಮೇಲೋ ಹೊರುತ್ತಿದ್ದರು. ಅದಕ್ಕೆ ಕಾಲುದಾರಿ ಸಾಕು. ಅಮೆರಿಕದ 105 ಮಿ.ಮೀ. ಹೊವಿಟ್ಜರ್ (ಗುಂಡನ್ನು ಎತ್ತರಕ್ಕೆ ಹಾರಿಸಿ ಬೀಳಿಸುವ ಫಿರಂಗಿ) ಸುಮಾರು 2,260 ಕೆಜಿ. ಅದನ್ನು ಎಳೆಯಬೇಕು, ಎಳೆಯಲು ದಾರಿ ಕಡಿಯಬೇಕು. ಹಾಗಾಗಿ ಕಾಡಿನ ಪ್ರತಿ ಮನೆಯಲ್ಲೂ ಒಂದು ಕಾಲಾಳು ಬಿಲ್ಲೆ ಎರಡು ಸರದಿ ಬರೀ ಮರ ಕಡಿಯಬೇಕು. ಆಗ ಅದು ಕಾದಾಡುವಂತಿಲ್ಲ.

ಇಳಿಜಾರನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನು ಚಿಕ್ಕವನಿದ್ದಾಗ ಕಬ್ಬಿನ ಗಾಡಿ ನಾಲೆ ಏರಿ ಹತ್ತುವಾಗ ತಾತ ಹಿಂದೆ ಹಿಂದೆಯೇ ನಡೆದು, ಎತ್ತು ನಿಂತ ಕಡೆ ಗಾಲಿಗೆ ಕಲ್ಲು ಕೊಡುತ್ತಿದ್ದರು. ಇಳಿಯುವಾಗ ಮಾತ್ರ ನನ್ನನ್ನು ದೂರ ನಿಲ್ಲಿಸುತ್ತಿದ್ದರು. ಭಾರವೆಲ್ಲ ಮುಂದಕ್ಕೆ ನುಗ್ಗಿ ನೊಗ ಎತ್ತುಗಳ ಕೊಂಬಿನವರೆಗೂ ಜಾರುತ್ತಿತ್ತು. ಹಿಂದೆ ಇಬ್ಬರು ಕಾಲೂರಿ ಹಗ್ಗ ಜಗ್ಗಿ ಹಿಡಿಯುತ್ತಿದ್ದರು.

1954ರ ಜನವರಿಯಲ್ಲಿ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ವಿಯೆಟ್ನಾಮಿನ ವಿಯೆಟ್ ಮಿನ್ ಸೈನಿಕರು, ಫ್ರೆಂಚರ ನೆಲೆಯಿದ್ದ ಡಿಯೆನ್ ಬಿಯೆನ್ ಫು ಸುತ್ತಲ ಗುಡ್ಡಗಳಿಗೆ ಇಂಥ 105 ಮಿ.ಮೀ. ಹೊವಿಟ್ಜರ್‌ಗಳನ್ನು ಹಗ್ಗ ಕಟ್ಟಿ ಕೈಯಿಂದಲೇ ಎಳೆದರು. ಕೊನೇ ಗಳಿಗೆಯಲ್ಲಿ ಅವರ ಸೇನಾಪತಿ ಜ್ಯಾಪ್ ದಾಳಿ ಮುಂದೂಡಿದ. ಎಳೆದದ್ದನ್ನೆಲ್ಲ ವಾಪಸ್ ಎಳೆಯಬೇಕಾಯಿತು. ಆಗ ಒಂದು 37 ಮಿ.ಮೀ. ವಿಮಾನ ನಿರೋಧಕ ಫಿರಂಗಿ ಇಳಿಜಾರಲ್ಲಿ ಕೈತಪ್ಪಿತು. ತೊ ವಿನ್ ದಿಯೆನ್ ಎಂಬ ಸೈನಿಕ ಗಾಲಿಗೆ ತನ್ನ ಮೈಯನ್ನೇ ಕೊಟ್ಟ, ಸತ್ತ. ದಾಳಿ ಶುರುವಾಗಿದ್ದು ಮಾರ್ಚ್ 13ಕ್ಕೆ. ಅದಕ್ಕೇ ನಮ್ಮ ಆಟದಲ್ಲಿ ಇಳಿಯುವಾಗ ದಾಳ ಹಾಕಬೇಕು. ಒಂದು ಬಿದ್ದರೆ ಫಿರಂಗಿ ಹೋಯಿತು. ಹಗ್ಗ ಹಿಡಿಯಲು ಇನ್ನೊಂದು ಕಾಲಾಳು ಬಿಲ್ಲೆ ಜೊತೆಗಿದ್ದರೆ ಇನ್ನೊಮ್ಮೆ ದಾಳ ಹಾಕಬಹುದು.

ಮಳೆಗೂ ಮೇವಿಗೂ ನಿಯಮ ಇರಲೇಬೇಕು. ಇದಕ್ಕೆ ಕಾಡೇ ಆಗಬೇಕಿಲ್ಲ. 1791ರ ಮೇ 15ರಂದು ನಮ್ಮ ಅರಕೆರೆ ಹತ್ತಿರ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನ ಸೈನ್ಯದ ಮೇಲೆ ಕಾಳಗ ಗೆದ್ದ. ಆದರೂ ಶ್ರೀರಂಗಪಟ್ಟಣ ಸಿಗಲಿಲ್ಲ. ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು. ಕೋಟೆ ಒಡೆಯಲು ತಂದ ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆ ಹಿಂತಿರುಗಿದ. ಇತ್ತ ಟಿಪ್ಪುವಿನ ಫಿರಂಗಿ ಎಳೆಯುತ್ತಿದ್ದದ್ದು ದಣಿವು ತಡೆಯುವ ಮೈಸೂರು ಸೀಮೆಯ ತಳಿ, ಅಮೃತಮಹಲ್ ಎತ್ತುಗಳು. ಹಾಗಾಗಿ ಎತ್ತುಗಳಿಗೇ ಬೇರೆ ಬಿಲ್ಲೆ ಮಾಡಿ. ಮೇವಿಲ್ಲದ ಸರದಿಗೊಂದು ಬಿಲ್ಲೆ ತೆಗೆಯಿರಿ. ಅಮೃತಮಹಲ್ ಆದರೆ ಎರಡು ಸರದಿಗೊಂದು. ಮಳೆ ಬಂದರೆ ಎಳೆಯುವವರು ದುಪ್ಪಟ್ಟು ಬೇಕು.

ಇನ್ನು ಗುಂಡು. 105ರ ಒಂದು ಗುಂಡೇ ಸುಮಾರು 15 ಕೆಜಿ. ವಿಯೆಟ್ನಾಮಿನವರು ಸೈಕಲ್ಲಿಗೆ ಬಿದಿರು ಕಟ್ಟಿ 200 ಕೆಜಿಗೂ ಜಾಸ್ತಿ ಹೊರೆ ಹೇರಿ ತಳ್ಳುತ್ತಿದ್ದರು. ಗುಂಡಿನ ಹೊರೆಗೂ ಒಂದು ಬಿಲ್ಲೆ ಇಡಿ. ಅದು ಹಿಂದಿನಿಂದ ಬಂದು ಸೇರುವ ತನಕ ಗುಡ್ಡದ ಮೇಲಿನ ಫಿರಂಗಿ ಸುಮ್ನೆ ಕೂತಿರಲಿ.